ಒಂದೇ ನಮೂದಿನಿಂದ ಲೆಕ್ಕ ತಿಳಿಯದು

ನಮ್ಮ ಅಂಬತ್ತೂರು ಚೆನ್ನೈ ಮಹಾನಗರದೊಡನೆ ಸೇರಿದುದು 2011ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಈ ರಾಜ್ಯದ ಶಾಲೆಗಳನ್ನು ಕುರಿತ ಒಂದು ವಾರ್ತೆ ಪಾಲಕರನ್ನು ಕಳವಳಗೊಳಿಸಿತು. 'ಪೀಸಾ' ಎಂಬ ಅಂತರರಾಷ್ಟ್ರೀಯ ಪರೀಕ್ಷೆಗೆ ಭಾರತದಿಂದ ಕುಳಿತಿದ್ದ ತಮಿಳುನಾಡು, ಹಿಮಾಚಲ ಪ್ರದೇಶಗಳೆರಡೂ ಎಪ್ಪತ್ತಕ್ಕೂ ಮಿಕ್ಕ ದೇಶ-ಪ್ರಾಂತಗಳ ಸಾಲಿನಲ್ಲಿ ತೀರ ಕೆಳಗೆ ನಿಂತಿದ್ದವು.

ಒ.ಇ.ಸಿ.ಡಿ. ಸಂಸ್ಥೆಯು 2000ದಲ್ಲಿ ಆರಂಭಿಸಿದ ಈ ಪರೀಕ್ಷೆ 15 ವರ್ಷದ ಮಕ್ಕಳದು. ಬಾಯಿಪಾಠ ಇಲ್ಲಿ ಸಲ್ಲದು. ಓದಿದುದರ ಅರ್ಥವನ್ನು ಗ್ರಹಿಸಿ ಬಳಸುವ ಶಕ್ತಿಯನ್ನೇ ಅಳೆಯುತ್ತಾರೆ. ಓದಿನಲ್ಲಿ ತಮಿಳುನಾಡಿಗೆ ಬಂದುದು 337 ಅಂಕ, ಒ.ಇ.ಸಿ.ಡಿ. ದೇಶಗಳ ಸರಾಸರಿ 493. ಗಣಿತದಲ್ಲಿ 351ಕ್ಕೆ ಎದುರಾಗಿ 496.

ಅಂಕಗಳು ಏರಬಲ್ಲವು ಎಂಬುದಕ್ಕೆ ಪೋಲೆಂಡ್ ಸಾಕ್ಷಿ. ಅಲ್ಲಿ 1999ರಲ್ಲಿ ಶಾಲಾವ್ಯವಸ್ಥೆಯನ್ನು ಬದಲಿಸಿ, ಮಕ್ಕಳನ್ನು ಕಸುಬಿನ ಶಾಲೆಗಳಿಗೆ ಬೇರ್ಪಡಿಸುವುದನ್ನು ಒಂದು ವರ್ಷ ಮುಂದೆ ಹಾಕಿ, ಎಲ್ಲರಿಗೂ ಸಮಾನ ಪಾಠವನ್ನು ಹೆಚ್ಚು ಕಾಲ ಕಲಿಸಿದರು. ಓದಿನ ಅಂಕ 2000ದಲ್ಲಿ 479 ಇದ್ದುದು 2009ರಲ್ಲಿ 500ಕ್ಕೆ ಏರಿತು. ಸುಧಾರಣೆಯೊಂದೇ ಕಾರಣವೆಂದು ಹೇಳಲಾಗದಾದರೂ, ಹಿಂದಿನ ಅಂಕವೊಂದಿದ್ದುದರಿಂದ ಕಾರಣವನ್ನು ವಿಚಾರಿಸಲಾದರೂ ಸಾಧ್ಯವಾಯಿತು.

ನಮ್ಮಲ್ಲಿ ಆದುದೇನು? ಚೆನ್ನೈ ನಗರಸಭೆಯ ಶಾಲೆಗಳು 2003ರಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯನ್ನು ತೊಡಗಿದವು. 2007ರ ವೇಳೆಗೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಆದರೆ 2010ರಲ್ಲಿ ಪರೀಕ್ಷೆ ಬರೆದ ಮಕ್ಕಳು ಒಂದನೆಯ ತರಗತಿಗೆ ಸೇರಿದುದು ಸುಮಾರು 2000ದಲ್ಲಿ. ಆದುದರಿಂದ ಹೊಸ ಪದ್ಧತಿಯ ಗುಣದೋಷಗಳನ್ನು ಆ 337 ಹೇಳಲಾರದು. ಅದು ಹಳೆಯ ತರಗತಿಗಳ ಫಲ.

ಮುಂದಿನ ಅಂಕವೇ ನಮಗೆ ದೊರೆಯಲಿಲ್ಲ. ಪ್ರಶ್ನೆಗಳು ನಮ್ಮ ಮಕ್ಕಳ ಜೀವನಕ್ಕೆ ಹೊಂದುವುದಿಲ್ಲವೆಂದು ಭಾರತ ದೂರ ಉಳಿಯಿತು. 2019ರಲ್ಲಿ ಮತ್ತೆ ಸೇರುವ ಒಪ್ಪಂದವಾದರೂ, ಮಹಾಮಾರಿಯಿಂದ 2022ಕ್ಕೆ ಸರಿದ ಪರೀಕ್ಷೆಗೆ ನಮ್ಮವರು ಕುಳಿತುಕೊಳ್ಳಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದೇ ನಮೂದಿದ್ದರೆ ಹಣ ಬೆಳೆಯಿತೋ ಕರಗಿತೋ ಯಾರು ಹೇಳಬಲ್ಲರು? ಆ ಅಂಕ ಸುಳ್ಳಲ್ಲ. ಆದರೆ ಅದನ್ನು ಹಿಡಿದು ಇಂದಿನ ಶಾಲೆಗಳನ್ನು ಹಳಿಯುವುದೂ ಹೊಗಳುವುದೂ ನ್ಯಾಯವಲ್ಲ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ಸ್ಥಿತಿ ನಮ್ಮ ಮಕ್ಕಳದು. ಅರ್ಥವರಿತು ಓದುವ ಅಭ್ಯಾಸ ಯಾವ ಭಾಷೆಯಲ್ಲಿ ಬೇರೂರಿದರೂ ಉಳಿದವುಗಳಿಗೆ ನೆರವಾಗುತ್ತದೆ. ದಿನಕ್ಕೊಂದು ಪುಟ ಕನ್ನಡವನ್ನು ಮಗುವಿನಿಂದ ಓದಿಸಿ, "ಇದರ ಅರ್ಥವೇನು?" ಎಂದು ಕೇಳೋಣ. ಸರ್ಕಾರಗಳು ಅಳೆಯಲಿ, ಬಿಡಲಿ. ಈ ಲೆಕ್ಕವನ್ನು ನಮ್ಮ ಮನೆಗಳಲ್ಲಿ ನಾವೇ ಇಡಬಹುದು.