ಬಕೆಟ್ಟಿನಲ್ಲಿ ಹಿಡಿದ ಗಾಳಿ

ಚೆನ್ನೈಗೆ ಬಂದ ಹೊಸತರಲ್ಲಿ ನಮ್ಮ ಬಾಡಿಗೆ ಮನೆ ನಗರದ ಉತ್ತರ ಭಾಗದಲ್ಲಿತ್ತು. ಕೆಲವು ಸಂಜೆ ಅತ್ತೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ, "ಮತ್ತೆ ಆ ಕೊಳೆತ ಮೊಟ್ಟೆ ವಾಸನೆ ಬಂತು ನೋಡಮ್ಮ" ಎನ್ನುತ್ತಿದ್ದರು. ನಾನು ಮೊಬೈಲಿನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ತೆಗೆದು ತೋರಿಸುತ್ತಿದ್ದೆ. ಹಸಿರು ಬಣ್ಣ, 'ತೃಪ್ತಿಕರ'. "ನಿನ್ನ ಫೋನಿಗೆ ಮೂಗಿದೆಯೇ?" ಎಂದು ಅವರು ಒಂದು ದಿನ ಕೇಳಿದರು. ನಾನು ನಕ್ಕು ಸುಮ್ಮನಾದೆ.

ಆಮೇಲೆ ಓದಿದಾಗ ತಿಳಿಯಿತು, ಅತ್ತೆ ಹೇಳಿದ್ದು ಸರಿ. 2015ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸೂಚ್ಯಂಕ ಲೆಕ್ಕಕ್ಕೆ ಹಿಡಿಯುವುದು ದೂಳಿನ ಕಣ, ಗಂಧಕದ ಡೈಆಕ್ಸೈಡ್, ಓಝೋನ್ ಮುಂತಾದ 8 ಮಾಲಿನ್ಯಕಾರಕಗಳನ್ನು ಮಾತ್ರ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅದರಲ್ಲಿಲ್ಲ, ಕ್ಯಾನ್ಸರ್‌ಕಾರಕ ಬೆನ್ಝೀನ್ ಕೂಡ ಇಲ್ಲ. ಅಳೆಯದ್ದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಕಾರ್ಖಾನೆಯ ಪಕ್ಕ ಬದುಕುವವರು ತಮ್ಮ ಮೂಗಿನ ಮಾತನ್ನು ಸಾಬೀತುಪಡಿಸುವುದು ಹೇಗೆ? ಈ ಪ್ರಶ್ನೆಗೆ ಒಂದು ಪ್ಲಾಸ್ಟಿಕ್ ಬಕೆಟ್ ಉತ್ತರ ಕೊಟ್ಟ ಕಥೆ ಇಲ್ಲಿದೆ.

1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರೋಡಿಯೊ ಎಂಬಲ್ಲಿ ತೈಲ ಸಂಸ್ಕರಣಾಗಾರವೊಂದರಿಂದ 16 ದಿನ ರಾಸಾಯನಿಕ ಸೋರಿತು. ಸುತ್ತಲಿನವರು ಕಾಯಿಲೆ ಬಿದ್ದರು. ಅವರ ಪರ ವಕೀಲ ಎಡ್ ಮಾಸ್ರಿ ಅಲ್ಲಿಗೆ ಹೋದಾಗ ಅವರಿಗೂ ಆ ಗಾಳಿಯಿಂದ ಅಸ್ವಸ್ಥತೆಯಾಯಿತು. ಅಧಿಕಾರಿಗಳಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ, ಮಾಪಕದಲ್ಲಿ ಏನೂ ಕಾಣುತ್ತಿಲ್ಲ ಎಂದು. ಸಾಮಾನ್ಯ ಜನ ಬಳಸಬಲ್ಲ ಅಗ್ಗದ ಸಾಧನವೊಂದನ್ನು ಮಾಡಿಕೊಡಿ ಎಂದು ಅವರು ಎಂಜಿನಿಯರರನ್ನು ಕೇಳಿದರು. 1995ರಲ್ಲಿ ಸಾಧನ ಸಿದ್ಧವಾಯಿತು.

ಅದರ ಕೆಲಸ ಸರಳ. ಬಿಗಿಯಾದ ಮುಚ್ಚಳದ ಬಕೆಟ್. ಒಳಗೆ ಟೆಡ್ಲಾರ್ ಎಂಬ ವಿಶೇಷ ಪ್ಲಾಸ್ಟಿಕ್ಕಿನ ಚೀಲ. ಚೀಲದ ಬಾಯಿ ಮುಚ್ಚಳದ ಮೂಲಕ ಹೊರಗೆ. ಸಣ್ಣ ಪಂಪ್ ಬಕೆಟ್ಟಿನೊಳಗಿನ ಗಾಳಿಯನ್ನು ಎಳೆದಾಗ ಚೀಲ ಉಬ್ಬಿ, ಹೊರಗಿನ ಗಾಳಿ ಕೆಲವೇ ನಿಮಿಷಗಳಲ್ಲಿ ಅದರೊಳಗೆ ತುಂಬುತ್ತದೆ. ಚೀಲ ನೇರ ಪ್ರಯೋಗಾಲಯಕ್ಕೆ. ವಾಸನೆ ಬಂದ ಕ್ಷಣದಲ್ಲೇ, ಬಂದ ಜಾಗದಲ್ಲೇ ಮಾದರಿ ಹಿಡಿಯಬಹುದು ಎಂಬುದೇ ಇದರ ಬಲ.

ಈ ಬಕೆಟ್ ಲೂಸಿಯಾನಾದ ನಾರ್ಕೊ ಪಟ್ಟಣ ತಲುಪಿತು. ಅಲ್ಲಿನ ಡೈಮಂಡ್ ಎಂಬ ಕಪ್ಪುಜನರ ಕೇರಿ ಎಂದರೆ ನಾಲ್ಕೇ ಬೀದಿ. ಒಂದು ಕಡೆ ಶೆಲ್ ರಾಸಾಯನಿಕ ಕಾರ್ಖಾನೆ, ಇನ್ನೊಂದು ಕಡೆ ತೈಲ ಸಂಸ್ಕರಣಾಗಾರ. ಶಾಲಾ ಶಿಕ್ಷಕಿ ಮಾರ್ಗಿ ರಿಚರ್ಡ್ ಅವರ ಮನೆಗೂ ಕಾರ್ಖಾನೆಯ ಬೇಲಿಗೂ ಸುಮಾರು 25 ಅಡಿ ಅಂತರ. 1973ರ ಸ್ಫೋಟದಲ್ಲಿ ಕೇರಿಯ ಒಬ್ಬ ಹುಡುಗ, ಒಬ್ಬ ವೃದ್ಧೆ ಸತ್ತಿದ್ದರು. ಆಕೆ ನೆರೆಯವರನ್ನು ಸಂಘಟಿಸಿದರು. 1997ರಲ್ಲಿ ನ್ಯಾಯಾಲಯದಲ್ಲಿ ಸೋತರು. ಸೋತ ಮೇಲೆ ಬಕೆಟ್ ಹಿಡಿದರು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದವರೆಗೆ ಹೋಗಿ ಕಂಪನಿಯ ಅಧಿಕಾರಿಗೆ ನಾರ್ಕೊದ ಗಾಳಿ ತುಂಬಿದ ಚೀಲ ನೀಡಿದರು. 2002ರಲ್ಲಿ ಕಂಪನಿ ನಾಲ್ಕೂ ಬೀದಿಯ ಮನೆಗಳನ್ನು ಕೊಳ್ಳಲು ಒಪ್ಪಿತು. 2004ರಲ್ಲಿ ರಿಚರ್ಡ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಗೆಲುವೇನೋ ಹೌದು. ಆದರೆ ಅದಕ್ಕೆ ತೆತ್ತ ಬೆಲೆ ಹುಟ್ಟಿದ ಕೇರಿ. ಗಾಳಿ ಒಳ್ಳೆಯದಿರುವ ಕಡೆ ಹೋದವರ ಪಕ್ಕದ ಮನೆಯಲ್ಲಿ ಹಳೆಯ ನೆರೆಯವರು ಇರಲಿಲ್ಲ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 2004ರಲ್ಲಿ ಬಕೆಟ್ ನಮ್ಮ ಪಕ್ಕಕ್ಕೇ ಬಂತು. ತಮಿಳುನಾಡಿನ ಕಡಲೂರಿನಲ್ಲಿ, ಉಪ್ಪನಾರ್ ನದಿಯ ದಡದ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು ತಾವೇ ಪರಿಸರ ವೀಕ್ಷಕರಾಗಿ ತರಬೇತಿ ಪಡೆದರು. ಯಾವ ದಿನ, ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ, ವಾಸನೆ ಯಾವುದರಂತೆ, ಕಣ್ಣುರಿಯೋ ತಲೆನೋವೋ ಎಂದು ಬರೆದಿಟ್ಟರು. ಗಾಳಿಯ ಮಾದರಿಗಳಲ್ಲಿ 22 ವಿಷ ರಾಸಾಯನಿಕಗಳು ಸಿಕ್ಕವು. ಅವುಗಳಲ್ಲಿ 8 ಕ್ಯಾನ್ಸರ್‌ಕಾರಕಗಳು. ಆಗ ನಮ್ಮ ದೇಶದಲ್ಲಿ ಹೊರಗಿನ ಗಾಳಿಯ ಬೆನ್ಝೀನ್‌ಗೆ ಮಿತಿಯೇ ಇರಲಿಲ್ಲ. 2009ರ ನವೆಂಬರಿನಲ್ಲಿ ಬಂದ ಹೊಸ ರಾಷ್ಟ್ರೀಯ ಮಾನದಂಡಗಳ 12 ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಬೆನ್ಝೀನ್ ಸೇರಿತು.

ಬಕೆಟ್ಟಿಗೂ ಮಿತಿಯಿದೆ. ಅದು ಹಿಡಿಯುವುದು ಕೆಲವು ನಿಮಿಷಗಳ ಗಾಳಿಯನ್ನು, ವರ್ಷವಿಡೀ ಉಸಿರಾಡಿದ್ದನ್ನಲ್ಲ. ಇಂಥ ಕಾಯಿಲೆಗೆ ಇಂಥ ಕಾರ್ಖಾನೆಯೇ ಕಾರಣ ಎಂದು ಅದೊಂದೇ ಸಾಬೀತು ಮಾಡಲಾರದು. ಮೂಗಿಗೂ ಮಿತಿಯಿದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಂತಾಗುತ್ತದೆ. ಆದ್ದರಿಂದಲೇ ಬರೆದಿಟ್ಟ ಲೆಕ್ಕಕ್ಕೆ ಬೆಲೆ. ದಿನವೆಲ್ಲ ಡೇಟಾ ಜೊತೆ ಕೆಲಸ ಮಾಡುವ ನಾನು ಇದನ್ನು ಕಲಿತದ್ದು ತಡವಾಗಿ: ಅಂಕಿ ಎಷ್ಟು ಎನ್ನುವುದಕ್ಕೆ ಮೊದಲು, ಏನನ್ನು ಅಳೆದರು, ಎಲ್ಲಿ ಅಳೆದರು ಎಂದು ಕೇಳಬೇಕು.

ನಾವೀಗ ಬೇರೆ ಬಡಾವಣೆಯಲ್ಲಿದ್ದೇವೆ. ಹಳೆಯ ಮನೆ ಖಾಲಿ ಮಾಡುವಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೆಗೆದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿಯ ಗುರುತು. ನಡುನಡುವೆ ಅತ್ತೆಯ ಗುಂಡು ಅಕ್ಷರದಲ್ಲಿ ಹದಿನಾಲ್ಕು ಕಡೆ ಒಂದೇ ಪದ: 'ವಾಸನೆ'. ಪಕ್ಕದಲ್ಲಿ ಗಂಟೆ. ಆ ಕ್ಯಾಲೆಂಡರ್ ಅನ್ನು ನಾನು ಎಸೆದಿಲ್ಲ.