ತಂಬೂರಿ ಕೇಳಿಸದ ಕರೆ: ಹಳೆಯ ಬೆಂಗಳೂರಿನ ಸಂಗೀತ ಪಾಠ ಮತ್ತು ಕೂಡಿದ ದೂರಸಂಪರ್ಕ ಜಾಲ

ಸ್ಥಿರ ದೂರವಾಣಿ ಮತ್ತು ಮೊಬೈಲ್ ಜಾಲಗಳು ಒಂದಾಗುವ ಕುರಿತ ಚರ್ಚೆ ಬಹುಪಾಲು ಸ್ವಿಚ್ಚು, ಸರ್ವರು, ಲೈಸೆನ್ಸುಗಳ ಸುತ್ತಲೇ ನಡೆಯುತ್ತದೆ. ಇಲ್ಲಿ ಅದನ್ನು ಬಳಕೆಯ ತುದಿಯಿಂದ ನೋಡಲಾಗಿದೆ. ಆರಿಸಿಕೊಂಡ ಬಳಕೆ, ಮನೆಯಿಂದ ದೂರದ ಶಿಷ್ಯರಿಗೆ ಹೇಳಿಕೊಡುವ ಕರ್ನಾಟಕ ಸಂಗೀತ ಪಾಠ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು ಇರುವ ಸೀಮೆಗೆ ಇದು ತೀರ ಸಹಜವಾದ ಬಳಕೆ. ನನ್ನ ವಾದ ಇಷ್ಟು: ಜಾಲಗಳು ಕೂಡಿದ್ದು ಮಾತಿಗಾಗಿ. ಗುಣಮಟ್ಟದ ಖಾತರಿ ಇರುವ ದಾರಿಯಲ್ಲಿ ಸಂಗೀತ ಹಿಡಿಸುವುದಿಲ್ಲ, ಸಂಗೀತ ಹಿಡಿಸುವ ದಾರಿಗೆ ಖಾತರಿ ಇಲ್ಲ.

ಕೂಡಿಕೆಯ ಬೆನ್ನೆಲುಬು ಐಎಂಎಸ್ ಎಂಬ ವ್ಯವಸ್ಥೆ. ಅದನ್ನು ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆ 2002ರ ಹೊತ್ತಿಗೆ ಮೊಬೈಲ್‌ಗಾಗಿ ರೂಪಿಸಿತು; ಯೂರೋಪಿನ ಇಟಿಎಸ್ಐ ಸ್ಥಿರ ಜಾಲಕ್ಕೂ ಅದನ್ನೇ ಒಗ್ಗಿಸಿತು. ಇದರಲ್ಲಿ ಒಂದು ನಂಬರಿನ ಹೆಸರಲ್ಲಿ ಹಲವು ಸಾಧನಗಳು ನೋಂದಾಯಿಸಿಕೊಳ್ಳಬಹುದು. ಮನೆ ನಂಬರಿಗೆ ಕರೆ ಬಂದಾಗ ಸರ್ವರು ಕರೆಯ ಆಹ್ವಾನವನ್ನು ಕವಲಾಗಿಸಿ, ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದ ಫೋನಿಗೂ ಜೇಬಿನ ಮೊಬೈಲಿಗೂ ಒಟ್ಟಿಗೆ ಕಳಿಸುತ್ತದೆ. ಯಾರು ಮೊದಲು ಎತ್ತುತ್ತಾರೋ ಅವರಿಗೆ ಕರೆ. ಮಿಕ್ಕದ್ದಕ್ಕೆ ರದ್ದತಿ ಸಂದೇಶ. ಮಾತಿನ ನಡುವೆ ವಿಡಿಯೋ ಬೇಕೆನಿಸಿದರೆ ಅದೇ ಕರೆಯೊಳಗೆ ಮರು-ಆಹ್ವಾನ ಹೋಗುತ್ತದೆ. 2016ರ ಸೆಪ್ಟೆಂಬರ್ 5ರಂದು 4ಜಿ ಸೇವೆಯನ್ನೂ 2019ರ ಅದೇ ದಿನಾಂಕದಂದು ಫೈಬರ್ ಸೇವೆಯನ್ನೂ ತೆರೆದ ಜಿಯೋ, ಮನೆಯ ಸ್ಥಿರ ನಂಬರನ್ನು ಆ್ಯಪ್ ಮೂಲಕ ಮೊಬೈಲಿಗೆ ತಂದದ್ದು ಈ ದಾರಿಯಲ್ಲೇ. (ಇಷ್ಟಾದರೂ 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು. ಜಾಲ ಕೂಡಿತು, ನಂಬರು ಕೂಡಲಿಲ್ಲ.)

ಹಳೆಯ ಬಡಾವಣೆಗಳಲ್ಲಿ ಈ ಕೂಡಿಕೆಗೆ ಇನ್ನೊಂದು ಒತ್ತಾಸೆಯೂ ಇತ್ತು. ಕಲ್ಲು-ಗಾರೆಯ ದಪ್ಪ ಗೋಡೆಗಳ ಮನೆಗಳಲ್ಲಿ, ಹಜಾರ ದಾಟಿ ಒಳಕೋಣೆಗೆ ಹೋದರೆ ಮೊಬೈಲ್ ಸಿಗ್ನಲ್ ಸೊರಗುತ್ತದೆ. ವೈಫೈ ಕಾಲಿಂಗ್ ಬಂದ ಮೇಲೆ ಕರೆ ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಹಾಯ್ದು, ಗೂಢಲಿಪಿಯ ಸುರಂಗದಲ್ಲಿ ಮೊಬೈಲ್ ಕಂಪನಿಯ ಹೆಬ್ಬಾಗಿಲನ್ನೇ ಸೇರುತ್ತದೆ. ಅಂಗಳಕ್ಕೆ ಬಂದಾಗ ಅದೇ ಕರೆ ಕಡಿಯದೆ 4ಜಿಗೆ ಜಾರುತ್ತದೆ. ಮಾತಿಗೆ ಇಷ್ಟು ಸಾಕು.

ಪಾಠಕ್ಕೆ ಸಾಲದು. ಷಡ್ಜವನ್ನು ಸುಮಾರು 130 ಹರ್ಟ್ಸ್‌ಗೆ ಇಟ್ಟ ಗಂಡು ಶ್ರುತಿಯ ತಂಬೂರಿಯಲ್ಲಿ ಪಂಚಮದ ತಂತಿ 98ರ ಹತ್ತಿರ, ಮಂದ್ರ ಷಡ್ಜ 65ರ ಹತ್ತಿರ ಮಿಡಿಯುತ್ತವೆ. ಹಳೆಯ ಲ್ಯಾಂಡ್‌ಲೈನ್ ಸಾಗಿಸುವುದು 300ರಿಂದ 3400 ಹರ್ಟ್ಸ್ ಮಾತ್ರ. ಮೇಲಿನ ಅನುಸ್ವರಗಳಿಂದ ಕಿವಿ ಷಡ್ಜವನ್ನು ಊಹಿಸಿಕೊಳ್ಳುತ್ತದೆ, ಆದರೆ ಜವಾರಿಯ, ಅಂದರೆ ತಂತಿಯ ಝೇಂಕಾರದ, ತುಂಬುತನ ಹೋಗಿರುತ್ತದೆ. ವೋಲ್ಟಿ, ಅಂದರೆ 4ಜಿ ಮೇಲಿನ ಧ್ವನಿಕರೆಯ ಎಎಂಆರ್-ವೈಡ್‌ಬ್ಯಾಂಡ್ 50ರಿಂದ 7000 ಹರ್ಟ್ಸ್‌ವರೆಗೆ ಚಾಚುತ್ತದೆ. ಹಾಗಿದ್ದರೂ ಅದು ಮನುಷ್ಯನ ಗಂಟಲಿನ ಮಾದರಿಯ ಮೇಲೆ ಕಟ್ಟಿದ ಕೋಡೆಕ್, ಅಂದರೆ ದನಿಯನ್ನು ಅಡಕಿಸಿ ಮತ್ತೆ ಬಿಡಿಸುವ ವಿಧಾನ. ಒಂದು ಕಂಠವನ್ನು ಚೆನ್ನಾಗಿ ಹಿಡಿಯುತ್ತದೆ, ಕಂಠದ ಜೊತೆಗೆ ತಂತಿಯೂ ಮಿಡಿದರೆ ತಡವರಿಸುತ್ತದೆ. ಇದಕ್ಕೂ ಮೊದಲೇ ಫೋನಿನೊಳಗಿನ ಗದ್ದಲ-ನಿವಾರಕ ತನ್ನ ಕೆಲಸ ಮುಗಿಸಿರುತ್ತದೆ. ಏರಿಳಿತವಿಲ್ಲದೆ ಒಂದೇ ಸಮನೆ ಕೇಳಿಬರುವ ನಾದ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ಒಳ್ಳೆಯ ಶ್ರುತಿಗೆ ಇರಬೇಕಾದ ಗುಣವೂ ಅದೇ ಆದ್ದರಿಂದ ತಂಬೂರಿ ಮೆಲ್ಲಗೆ ಮಾಯವಾಗುತ್ತದೆ, ಶಿಷ್ಯೆ ಆಧಾರವಿಲ್ಲದೆ ಹಾಡುತ್ತಾಳೆ. 2014ರಲ್ಲಿ ಬಂದ ಇವಿಎಸ್ ಕೋಡೆಕ್ ಸಂಗೀತವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಆದರೆ ಎರಡೂ ತುದಿಯ ಫೋನು, ನಡುವಿನ ಎರಡೂ ಕಂಪನಿ ಅದನ್ನು ಒಪ್ಪಿದರೆ ಮಾತ್ರ ಅದರ ಫಲ. ದಾರಿಯಲ್ಲಿ ಒಂದು ತಾಮ್ರದ ತಂತಿ ಸಿಕ್ಕರೆ ಮತ್ತೆ 3400.

ಹೀಗಾಗಿಯೇ ಗುರುಗಳು ಆ್ಯಪ್‌ಗಳ ಮೊರೆ ಹೋದರು. 2012ರಲ್ಲಿ ಮಾನಕವಾದ ಓಪಸ್ ಕೋಡೆಕ್ ಪೂರ್ಣ ಶ್ರವಣವ್ಯಾಪ್ತಿಯನ್ನು ಸಾಗಿಸಬಲ್ಲದು. ಝೂಮ್‌ನಲ್ಲಿ ಗದ್ದಲ-ನಿವಾರಕವನ್ನು ಆರಿಸುವ ಸೌಕರ್ಯವಿದೆ. ಇಲ್ಲಿನ ತೊಡಕು ಬೇರೆ. 4ಜಿ ಜಾಲದಲ್ಲಿ ಕಂಪನಿಯ ಸ್ವಂತ ಧ್ವನಿಕರೆಗೆ ಒಂದನೇ ದರ್ಜೆ, ವಿಡಿಯೋಕರೆಗೆ ಎರಡನೇ ದರ್ಜೆ. ಅವುಗಳ ವಿಳಂಬದ ಮಿತಿ ಕ್ರಮವಾಗಿ 100 ಮತ್ತು 150 ಮಿಲಿಸೆಕೆಂಡ್. ಆ್ಯಪ್‌ನ ಪೊಟ್ಟಣಗಳು ಸಾಮಾನ್ಯವಾಗಿ ಒಂಬತ್ತನೇ ದರ್ಜೆಯಲ್ಲಿ, 300 ಮಿಲಿಸೆಕೆಂಡ್ ಮಿತಿಯಲ್ಲಿ, ಬೇರೆಲ್ಲ ಡೌನ್‌ಲೋಡಿನ ಜೊತೆ ಸಾಲು ನಿಲ್ಲುತ್ತವೆ. ಕಡಲೆಕಾಯಿ ಪರಿಷೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯ ಜನಜಂಗುಳಿಯಲ್ಲಿ ಈ ದರ್ಜೆಭೇದಕ್ಕೆ ಬೆಲೆ ಬರುತ್ತದೆ. ಮೇಲಾಗಿ ವೈಫೈನಿಂದ 4ಜಿಗೆ ದಾಟಿದೊಡನೆ ಆ್ಯಪ್‌ಗೆ ವಿಳಾಸವೇ ಬದಲಾಗುತ್ತದೆ. ಕರೆಗೆ ಇರುವ ಸುರಂಗ ಅದಕ್ಕಿಲ್ಲ.

ಆ್ಯಪ್‌ಗೂ ಮೇಲ್ದರ್ಜೆ ಕೊಡಿ ಎನ್ನುವುದು ಸುಲಭ. ಆದರೆ 2018ರಲ್ಲಿ ಲೈಸೆನ್ಸ್ ಷರತ್ತಿಗೆ ಸೇರಿದ ನೆಟ್ ನ್ಯೂಟ್ರಾಲಿಟಿ ನಿಯಮ, ಅಂತರ್ಜಾಲದ ವಿಷಯಗಳ ನಡುವೆ ಭೇದ ಮಾಡುವುದನ್ನು ತಡೆಯುತ್ತದೆ. ಆ ತಡೆ ಇರಲೇಬೇಕೆಂದು ನನ್ನ ಮತ. ಇಲ್ಲದಿದ್ದರೆ ದರ್ಜೆ ಹಣವಿದ್ದ ಆ್ಯಪ್‌ನ ಪಾಲಾಗುತ್ತದೆ. ಯಾವ ಆ್ಯಪ್ ಎಂದು ಕೇಳದೆ, ಈ ಒಂದು ಗಂಟೆ ನನಗೆ ಕಡಿಮೆ ವಿಳಂಬ ಬೇಕು ಎಂದು ಚಂದಾದಾರನೇ ಆರಿಸಿಕೊಳ್ಳುವ ಏರ್ಪಾಡು, ಫೈಬರ್‌ಗೂ ಮೊಬೈಲ್‌ಗೂ ಒಂದೇ ಆಗಿ ಬರಬೇಕು. 2020ರಲ್ಲಿ ಮುಗಿದ 3ಜಿಪಿಪಿಯ 16ನೇ ಆವೃತ್ತಿ ಸ್ಥಿರ ಜಾಲವನ್ನು 5ಜಿ ಕೇಂದ್ರಕ್ಕೇ ಜೋಡಿಸುವ ಮಾರ್ಗ ಹಾಕಿದೆ. ತಾಂತ್ರಿಕ ತಡೆ ಇಲ್ಲ.

ಗುರು-ಶಿಷ್ಯರು ಒಟ್ಟಿಗೆ ಹಾಡುವುದು ಮಾತ್ರ ಬೇರೆಯೇ ಸಮಸ್ಯೆ. ತಾಳ ಕೂಡಿ ಹಾಡಲು ವಿಳಂಬ 25 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು 14,000 ಕಿಲೋಮೀಟರ್. ಫೈಬರಿನಲ್ಲಿ ಬೆಳಕಿಗೇ 70 ಮಿಲಿಸೆಕೆಂಡ್ ಹಿಡಿಯುತ್ತದೆ. ಅಲ್ಲಿಗೆ ಗುರು ಹಾಡಿ, ಶಿಷ್ಯೆ ಒಪ್ಪಿಸುವ ಕ್ರಮವೇ ಗತಿ. ಮಲ್ಲೇಶ್ವರದಿಂದ ಬಸವನಗುಡಿಗೆ ಆ ನಿರ್ಬಂಧವಿಲ್ಲ, ಇರುವುದು ಕೆಲವೇ ಕಿಲೋಮೀಟರ್. ಆದರೂ ಆ್ಯಪ್‌ನ ಸರ್ವರು ಬೇರೆ ಊರಿನಲ್ಲಿದ್ದರೆ ಸ್ವರ ಅಲ್ಲಿಗೆ ಹೋಗಿಯೇ ಬರಬೇಕು. ಕೋಡೆಕ್ಕಿನ ಕಾಯುವಿಕೆಯೂ ಇದಕ್ಕೆ ಸೇರುತ್ತದೆ: ಕರೆಯ ಕೋಡೆಕ್ ದನಿಯ 20 ಮಿಲಿಸೆಕೆಂಡಿನ ತುಣುಕು ಕೂಡುವವರೆಗೆ ಕಾಯುತ್ತದೆ, ಓಪಸ್‌ಗೆ 2.5 ಸಾಕು. ಮಾಧ್ಯಮದ ಸರ್ವರನ್ನು ನಗರದೊಳಗೇ, ಫೈಬರ್ ಮತ್ತು ಮೊಬೈಲ್ ಎರಡಕ್ಕೂ ಸಮಾನ ಅಂತರದಲ್ಲಿ ನೆಟ್ಟು, ಇಷ್ಟು ಸಣ್ಣ ತುಣುಕಿನಲ್ಲಿ ಈ ಎರಡು ಬಡಾವಣೆಗಳ ನಡುವೆ ಆದಿತಾಳದ ಒಂದು ವರ್ಣವನ್ನು ಜೊತೆಗೂಡಿ ಹಾಡಿಸಿ ಅಳೆಯುವುದು ಮುಂದಿನ ಪ್ರಯೋಗವಾಗಬೇಕು, ಒಂದು ತುದಿ ತಂತಿಯಲ್ಲಿ, ಇನ್ನೊಂದು ತುದಿ 5ಜಿಯಲ್ಲಿ.