ಬೆಂಕಿಪುರದ ಕುಲುಮೆಯಲ್ಲಿ ಬೆಟ್ಟ, ಕಾಡು, ಗಾಳಿ, ಹೊಳೆ

ಜಿಲ್ಲೆಯ ಸುದ್ದಿ ಕಳಿಸುವ ನಮ್ಮಂಥವರಿಗೆ ಮಳೆ ಒಂದು ಸುದ್ದಿ, ಡ್ಯಾಮಿನ ಮಟ್ಟ ಇನ್ನೊಂದು, ಕಾಡು ಮತ್ತೊಂದು, ವಿಐಎಸ್‌ಎಲ್ ಕಾರ್ಮಿಕರ ಧರಣಿ ಮಗದೊಂದು. ಜೂನ್ ಬಂತೆಂದರೆ ಆಗುಂಬೆಯ ಮಳೆ ಲೆಕ್ಕ, ಜುಲೈನಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿ ಮಂಟಪ ಮುಳುಗಿದ ಫೋಟೊ, ಆಮೇಲೆ ಭದ್ರಾ ಎಷ್ಟು ಅಡಿ ಎಂಬ ಎರಡು ಸಾಲು. ಇವೆಲ್ಲ ಒಂದೇ ಸುದ್ದಿ ಎಂದರೆ ಡೆಸ್ಕಿನವರು ನಗುತ್ತಾರೆ. ಆದರೆ ಭದ್ರಾವತಿಯ ನೂರು ವರ್ಷದ ಚರಿತ್ರೆ ಹಿಡಿದು ಕೂತರೆ ಇವನ್ನು ಬೇರೆ ಮಾಡುವುದೇ ಕಷ್ಟ. ಹೈಸ್ಕೂಲಿನಲ್ಲಿ ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂದು ನಾಲ್ಕು ವೃತ್ತ ಬರೆದು ಅಂಕ ತೆಗೆದುಕೊಂಡೆವಲ್ಲ, ಆ ನಾಲ್ಕೂ ಒಂದೇ ಊರಿನಲ್ಲಿ ಲೆಕ್ಕಾಚಾರಕ್ಕೆ ಕೂತ ಕಥೆ ಇದು.

ಊರಿನ ಹಳೆಯ ಹೆಸರು ಬೆಂಕಿಪುರ. ವಂಕಿಪುರವೇ ಬಾಯಿಂದ ಬಾಯಿಗೆ ಬೆಂಕಿಪುರವಾಯಿತು ಎನ್ನುವವರಿದ್ದಾರೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಬಿಟ್ಟರೆ ಹೊರಗಿನವರು ಈ ಊರಿಗೆ ಬರಲು ಆಗ ದೊಡ್ಡ ಕಾರಣವಿರಲಿಲ್ಲ. ಕಾರ್ಖಾನೆಗೆ ಈ ಜಾಗ ಆರಿಸಿದ್ದು ಹೆಸರು ನೋಡಿ ಅಲ್ಲ. ಪಕ್ಕದಲ್ಲಿ ಭದ್ರಾ ಹೊಳೆ, ದಕ್ಷಿಣಕ್ಕೆ ಬಾಬಾಬುಡನ್ ಬೆಟ್ಟಗಳ ಅದಿರು, ಹತ್ತಿರದ ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಸುತ್ತ ಮಲೆನಾಡಿನ ಕಾಡು. ಕಬ್ಬಿಣ ಮಾಡಲು ಬೇಕಾದದ್ದೆಲ್ಲ ಗಾಡಿ ದೂರದಲ್ಲಿತ್ತು, ಒಂದನ್ನು ಬಿಟ್ಟು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆ ಒಂದು ಕೊರತೆಯೇ ಮುಂದಿನ ಕಥೆಯನ್ನೆಲ್ಲ ನಡೆಸಿತು.

ಮೊದಲು ಅದಿರಿನ ವಿಷಯ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರಿನಲ್ಲೇ ಕೆಮ್ಮಣ್ಣು ಇದೆ, ಆ ಕೆಂಪು ಎಂದರೆ ತುಕ್ಕು. ಬಾಬಾಬುಡನ್ ಶ್ರೇಣಿಯ ಕಲ್ಲನ್ನು ಒಡೆದು ನೋಡಿದರೆ ಕಬ್ಬಿಣದ ಕಪ್ಪು ಕೆಂಪು ಪಟ್ಟೆ, ಅದರ ಪಕ್ಕ ಬಿಳಿ ಬೂದು ಸಿಲಿಕಾ ಪಟ್ಟೆ, ಹೀಗೆ ಒಂದರ ಮೇಲೊಂದು ಕಾಣುತ್ತವೆ. ಇವು 250 ಕೋಟಿ ವರ್ಷಕ್ಕೂ ಹಿಂದೆ ಕಡಲಿನ ತಳದಲ್ಲಿ ಕೂತ ಕೆಸರು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ. ಕಬ್ಬಿಣ ಕಡಲ ನೀರಿನಲ್ಲಿ ಉಪ್ಪಿನ ಹಾಗೆ ಕರಗಿಕೊಂಡೇ ಇತ್ತು. ಬಿಸಿಲು ಕುಡಿದು ಬದುಕುವ ಸೂಕ್ಷ್ಮಜೀವಿಗಳು ಬಂದು ಆಮ್ಲಜನಕ ಬಿಡತೊಡಗಿದಾಗ ಆ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಇಳಿಯಿತು. ಆಮ್ಲಜನಕವನ್ನು ಬಿಡದೆಯೇ ಕಬ್ಬಿಣವನ್ನು ನೇರವಾಗಿ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ, ಯಾರ ಪಾಲು ಎಷ್ಟು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಎರಡು ದಾರಿಯಲ್ಲೂ ಕೆಲಸ ಜೀವಿಗಳದ್ದೇ. ಶಿವಮೊಗ್ಗದ ಶಿಸ್ಟ್ ಪಟ್ಟಿಯ ಡಾಲಮೈಟ್ ಕಲ್ಲಿನಲ್ಲಿ ಅಂಥ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕಡಲಿನ ಕಬ್ಬಿಣ ಮುಗಿಯುತ್ತ ಬಂದ ಮೇಲೆ, ಸುಮಾರು 240 ಕೋಟಿ ವರ್ಷದ ಹಿಂದೆ, ಆಮ್ಲಜನಕ ಗಾಳಿಯಲ್ಲಿ ಉಳಿಯತೊಡಗಿತು. ನಾವು ಉಸಿರಾಡುವ ಗಾಳಿಗೂ ಬಾಬಾಬುಡನ್ ಬೆಟ್ಟಕ್ಕೂ ಇಷ್ಟು ಹಳೆಯ ನಂಟು.

ಈಗ 1918ಕ್ಕೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಆ ವರ್ಷದ ಜನವರಿಯಲ್ಲಿ ಶುರುವಾದ ಕಾರ್ಖಾನೆಯ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಸೌದೆ ಬಂದಿದೆ, ಅದು ಸರಿಯಾಗಿಯೇ ಇದೆ. ಕಲ್ಲಿದ್ದಲು ಇಲ್ಲದ ಕಡೆ ಇದ್ದಿಲಿನಿಂದ ಕಬ್ಬಿಣ ತೆಗೆಯಬೇಕಿತ್ತು. ಕಾಡಿನೊಳಗೆ ಟ್ರಾಮ್ ಹಳಿ ಹೋಯಿತು. ಮರ ಕಡಿದು, ಗಾಳಿಯಾಡದ ಉಕ್ಕಿನ ಪೆಟ್ಟಿಗೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಹೊರಬಂದ ಹೊಗೆಯನ್ನೂ ಬಿಡದೆ ತಣಿಸಿ ಡಾಂಬರು, ಮರದ ಸ್ಪಿರಿಟ್, ಅಸಿಟೇಟ್ ಸುಣ್ಣ ತೆಗೆದರು. 1923ರಲ್ಲಿ ಊದುಕುಲುಮೆ ಉರಿಯಿತು. ಆ ವರ್ಷದಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದವರೂ ವಿಶ್ವೇಶ್ವರಯ್ಯನವರೇ.

ಕುಲುಮೆಯಲ್ಲಿ ಆಗುವುದು ಇಷ್ಟು. ಅದಿರಿನಲ್ಲಿ ಕಬ್ಬಿಣ ಮತ್ತು ಆಮ್ಲಜನಕ ಕೈಹಿಡಿದು ಕೂತಿವೆ. ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೋಗುತ್ತದೆ, ಕಬ್ಬಿಣ ಕೆಳಗೆ ಹರಿಯುತ್ತದೆ. ಇಂಗಾಲ ಎಲ್ಲಿಯದು? ಲಕ್ಕವಳ್ಳಿ, ಉಂಬ್ಳೆಬೈಲು ಕಡೆಯ ಮತ್ತಿ, ಹೊನ್ನೆ ಜಾತಿಯ ಮರಗಳು ಕೆಲವು ದಶಕಗಳಲ್ಲಿ ಗಾಳಿಯಿಂದ ಎಳೆದುಕೊಂಡದ್ದು. ಆಮ್ಲಜನಕ ಕಡಲಿನ ಕಾಲದ್ದು. ಅಷ್ಟು ಹಳೆಯದೂ ಇಷ್ಟು ಹೊಸದೂ ಬೆಂಕಿಪುರದಲ್ಲಿ ಕೂಡಿ ಮತ್ತೆ ಗಾಳಿಗೆ ಸೇರಿದವು. ಸುಣ್ಣಕಲ್ಲು ಹಾಕುವುದು ಕಸವನ್ನು ಕಿಟ್ಟವಾಗಿ ಬೇರ್ಪಡಿಸಲು.

ಲೆಕ್ಕ ಹಾಕಿದರೆ ಭಾರ ಗೊತ್ತಾಗುತ್ತದೆ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚು ಕಡಿಮೆ ಒಂದು ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ. ಕಡಿದ ಕಾಡು ಮತ್ತೆ ಬೆಳೆಯುತ್ತದೆ, ಸರದಿಯ ಮೇಲೆ ಕಡಿದರಾಯಿತು ಎಂಬುದು ಅಂದಿನ ನಂಬಿಕೆ. ತಪ್ಪು ನಂಬಿಕೆ ಎನ್ನಲಾಗದು. ಆದರೆ ಮರ ಬೆಳೆಯುವ ವೇಗ ಬೇರೆ, ಫರ್ನೇಸಿನ ಹಸಿವು ಬೇರೆ. ಜೋಗದ ವಿದ್ಯುತ್ತು ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಘಟ್ಟದ ಮಳೆ ಶರಾವತಿಯಾಗಿ ಧುಮುಕಿ, ತಂತಿಯಲ್ಲಿ ಹರಿದು ಭದ್ರಾವತಿಯ ಅದಿರನ್ನು ಕರಗಿಸಿತು. ಶಾಖಕ್ಕೆ ಸೌದೆ ಬೇಡವಾದರೂ ಆಮ್ಲಜನಕ ಕೀಳಲು ಇಂಗಾಲ ಬೇಕೇ ಬೇಕಿತ್ತು.

ಅಷ್ಟರಲ್ಲಿ ಕಾಡಿಗೆ ಇನ್ನೊಬ್ಬ ಗಿರಾಕಿ ಬಂದಾಗಿತ್ತು. 1930ರ ದಶಕದಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಮಲೆನಾಡಿನ ಬಿದಿರು, ಭದ್ರೆಯ ನೀರು ಎರಡನ್ನೂ ನೆಚ್ಚಿಕೊಂಡಿತ್ತು. ಬಿದಿರು ಸಾಲದಾದಾಗ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. 1980ರಲ್ಲಿ ಸರ್ಕಾರ ಕಂಪನಿಗೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಮಿಲ್ಲಿನ ಯಂತ್ರ ನಿಂತು ವರ್ಷಗಳೇ ಆದವು, ಅಕೇಶಿಯಾ ಮಾತ್ರ ನಿಂತಲ್ಲೇ ನಿಂತಿದೆ. 2020ರಲ್ಲಿ ಗುತ್ತಿಗೆ ಮುಗಿದಾಗ ಆ ಭೂಮಿಯಲ್ಲಿ ಸಹಜ ಕಾಡು ಬೆಳೆಯಲಿ ಎಂದು ಜಿಲ್ಲೆಯಲ್ಲಿ ಹೋರಾಟ ನಡೆದದ್ದು ಓದುಗರಿಗೆ ನೆನಪಿರಬಹುದು. ನಮ್ಮ ಅಭಿಪ್ರಾಯ ಕೇಳುವುದಾದರೆ, ಅಕೇಶಿಯಾ ಹಸಿರಾಗಿ ಕಾಣುತ್ತದೆ, ಆದರೆ ಅದರ ಅಡಿಯಲ್ಲಿ ದನ ಮೇಯಲು ಏನೂ ಇರುವುದಿಲ್ಲ. ಕಾಡನ್ನು ಅಳೆಯಲು ನಮಗೆ ಆ ದನ ಸಾಕು.

ನೀರಿನ ಕಡೆಗೆ ತಿರುಗಿದರೆ ಮತ್ತೆ ಬೆಟ್ಟಕ್ಕೇ ಹೋಗಬೇಕು. ಅರಬ್ಬಿ ಕಡಲಿನ ಹಸಿ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣಿದು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು, ಘಟ್ಟದ ಮರೆಯ ಶಿವಮೊಗ್ಗ ನಗರಕ್ಕೆ ಅದರ ಸಣ್ಣ ಪಾಲು. ಅದೇ ಮಳೆಯನ್ನು ಶೋಲಾ ಕಾಡು, ಹುಲ್ಲುಗಾವಲು, ಅದರಡಿಯ ಕೆಮ್ಮಣ್ಣು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶಿವಮೊಗ್ಗಕ್ಕೂ ಭದ್ರೆ ಭದ್ರಾವತಿಗೂ ಬೇಸಿಗೆಯಲ್ಲೂ ಹರಿದದ್ದು ಹಾಗೆ. ಲಕ್ಕವಳ್ಳಿಯ ಭದ್ರಾ ಡ್ಯಾಮ್ 1960ರ ದಶಕದಲ್ಲಿ ಮುಗಿಯಿತು. 186 ಅಡಿ, 71.5 ಟಿಎಂಸಿ. ಎಷ್ಟೋ ಕಾಡು ಹಿನ್ನೀರಿನಲ್ಲಿ ಮುಳುಗಿತು, ಅದರ ನೀರಿನಲ್ಲಿ ದಾವಣಗೆರೆಯವರೆಗೆ ಭತ್ತ ಬೆಳೆಯಿತು, ನಮ್ಮ ಕಡೆ ಅಡಿಕೆ ತೋಟ ಹಬ್ಬಿತು.

ಅದಿರೂ ನೀರೂ ಒಂದೇ ಬೆಟ್ಟದಲ್ಲಿರುವುದರ ಕಷ್ಟ ಕುದುರೆಮುಖದಲ್ಲಿ ಎದ್ದು ಕಂಡಿತು. 1976ರಲ್ಲಿ ಸ್ಥಾಪನೆಯಾದ ಕಂಪನಿ ಭದ್ರೆಯ ತವರಿನಲ್ಲೇ ಗುಡ್ಡ ಅಗೆಯಿತು. ಅಷ್ಟು ಮಳೆ ಬೀಳುವ ಕಡೆ ಹುಲ್ಲು ಕಿತ್ತರೆ ಮಣ್ಣು ನಿಲ್ಲುವುದಿಲ್ಲ, ಹೂಳು ಹೊಳೆಗೆ ಇಳಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಕೆಮ್ಮಣ್ಣುಗುಂಡಿಯಲ್ಲೂ ಈಗ ಗಣಿಯಿಲ್ಲ, ಪ್ರವಾಸಿಗಳ ಕಾರುಗಳಿವೆ. ಕೆಳಗಿನ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ.

ಹೀಗಾಗಿ ವಿಐಎಸ್‌ಎಲ್ ಸ್ವಂತ ಅದಿರಿಲ್ಲದ ಕಾರ್ಖಾನೆಯಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಅದೇ ವರ್ಷ ರೋಲಿಂಗ್ ಕೆಲಸ ಸ್ವಲ್ಪ ಮಟ್ಟಿಗೆ ಮತ್ತೆ ಶುರುವಾಯಿತು. ಆ ವರ್ಷದ ಮಳೆಯೂ ಕೈಕೊಟ್ಟು ಡ್ಯಾಮ್ ತುಂಬಲಿಲ್ಲ. ನಾಲೆಗೆ ನೀರು ಎಷ್ಟು ದಿನ ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ಭದ್ರಾವತಿಯ ತೋಟದವರೂ ದಾವಣಗೆರೆಯ ಗದ್ದೆಯವರೂ ಎದುರು ಬದುರಾದರು. ಕಾರ್ಖಾನೆ ಗೇಟಿನ ಮುಂದೆ ಕೂತವರ ಪೈಕಿ ಮನೆಯಲ್ಲಿ ಅರ್ಧ ಎಕರೆ ಅಡಿಕೆ ಇದ್ದವರೂ ಇದ್ದರು. ಅವರಿಗೆ ಬೆಟ್ಟದ ಅದಿರೂ ಬೇಕಿತ್ತು, ಬೆಟ್ಟದ ನೀರೂ ಬೇಕಿತ್ತು.